ಮನಿಯಾಗ ಇರೋರಿಗೂ ಬೇಕು ಕಾನೂನು

"ನಾವು ಮನಿಯಾಗ ಇರೋರು, ನಮಗ್ಯಾಕ್ರಿ ಕಾನೂನು?" ಅಂತೀರಾ? 2016ರ ಜುಲೈನಲ್ಲಿ ನವಲಗುಂದ ತಾಲ್ಲೂಕಿನ ಯಮನೂರಿನ ಹೆಣ್ಣುಮಕ್ಕಳೂ ಮನೆಯಲ್ಲೇ ಇದ್ದರು. ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಕೋರಿಕೆ ತಳ್ಳಿಹಾಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ದಾಳಿ ನಡೆಯಿತು. ಆಮೇಲೆ ಪೊಲೀಸರು ಯಮನೂರಿನ ಮನೆಗಳಿಗೇ ನುಗ್ಗಿ, ವಯಸ್ಸಾದವರನ್ನೂ ಬಿಡದೆ ಹೊಡೆದರು.

ನೀರು ಕೇಳುವುದು, ಸರ್ಕಾರವನ್ನು ಟೀಕಿಸುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಬೆಂಕಿ ಹಚ್ಚುವುದು, ಹಚ್ಚಿರೆಂದು ಕೂಗುವುದು ಅಪರಾಧ. ಪಕ್ಕದ ಮನೆಯವಳ ನಡತೆ ಬಗ್ಗೆ ಸುಳ್ಳು ಹಬ್ಬಿಸಿದರೂ ಮಾನಹಾನಿ ಕೇಸು ಬೀಳಬಹುದು (ಕಟ್ಟೆ ಮೇಲಿನ ಹರಟೆಗೂ ಇದು ಅನ್ವಯ, ನಗಬೇಡಿ!). ಆದರೆ ಕಲ್ಲು ಎಸೆದವರು ಯಾರೋ, ಪೆಟ್ಟು ತಿಂದವರು ಯಾರೋ ಅಂದ್ರೆ ಅದನ್ನ ನಾನಂತೂ ಕಾನೂನು ಅನ್ನೋದಿಲ್ಲ, ಸೇಡು ಅಂತೀನಿ.

ನಿಮ್ಮೂರಲ್ಲಿ ನೀರಿಗಾಗಿ ಧರಣಿ ಕೂತರೆ ಧೈರ್ಯವಾಗಿ ಹೋಗಿ ಕೂಡ್ರಿ. ಹೊರಡೋ ಮೊದಲು ನಿಷೇಧಾಜ್ಞೆ (ಹಿಂದಿನ 144, ಈಗ 163ನೇ ಸೆಕ್ಷನ್) ಇದೆಯೇ ಅಂತ ಮಾತ್ರ ವಿಚಾರಿಸಿಕೊಳ್ಳಿ.