ಯಾದಿ ಓದಿ ಹೇಳಿ

ನಮ್ಮ ಕಡೆ ಲಗ್ನ ಗೊತ್ತಾದರೆ ಮೊದಲು ಯಾದಿ ಬರೆಯುತ್ತಾರೆ. ಗೋಕಾಕ ಇರಲಿ, ಮೂಡಲಗಿ ಇರಲಿ, ಹುಕ್ಕೇರಿ ಇರಲಿ, ಯಾರ ಕಡೆಯಿಂದ ಎಷ್ಟು ಬಂಗಾರ, ಊಟದ ಖರ್ಚು ಯಾರದು, ಬಟ್ಟೆಬರೆ ಯಾರದು ಎಂಬುದೆಲ್ಲ ಹಾಳೆಯ ಮೇಲೆ ಬರಬೇಕು. ಬರೆದ ಹಾಳೆಯನ್ನು ಹಿರಿಯರು ಮಡಚಿ ಕಿಸೆಗೆ ಹಾಕಿಕೊಳ್ಳುವುದಿಲ್ಲ. ಒಬ್ಬರು ಎದ್ದು ನಿಂತು ಎರಡೂ ಬೀಗರು ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ತಕರಾರಿದ್ದವರು ಅಲ್ಲೇ ಎತ್ತುತ್ತಾರೆ. ಆಮೇಲೆ ಸಹಿ. ಯಾದಿಯಲ್ಲಿ ಬರೆಯುವುದೆಲ್ಲ ನ್ಯಾಯ ಎಂದು ನಾನು ಹೇಳುತ್ತಿಲ್ಲ. ಬಾಳುವೆ ಮಾಡಬೇಕಾದ ಹುಡುಗಿಯನ್ನು ಒಳಕೋಣೆಯಲ್ಲಿ ಕೂಡಿಸಿ ಹೊರಗೆ ಅವಳ ಲೆಕ್ಕ ಮಾಡುವುದನ್ನು ಕಂಡು ಎಷ್ಟೋ ಸಲ ಹೊಟ್ಟೆ ಉರಿದಿದೆ. ಆದರೆ ಆ ಹುಡುಗಿಗೂ ಗೋಡೆಯ ಆಚೆಯಿಂದ ಯಾದಿ ಕೇಳಿಸುತ್ತದೆ. ನಾನು ಹೇಳಹೊರಟ ಹುಡುಗರಿಗೆ ಅಷ್ಟೂ ಕೇಳಿಸಲಿಲ್ಲ.

ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮೂಡಲಗಿ ಕಡೆಯವನು. ಹತ್ತನೆಯ ಇಯತ್ತೆ ಮುಗಿಸಿ ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದವನು ಈಗ ದೊಡ್ಡ ಊರಿನ ವಿಮಾನ ನಿಲ್ದಾಣವೊಂದರಲ್ಲಿ ಲೋಡರ್. ವಿಮಾನದ ಹೊಟ್ಟೆಯೊಳಗೆ ಮೊಣಕಾಲ ಮೇಲೆ ಕುಳಿತು ಪೆಟ್ಟಿಗೆ ಏರಿಸುವುದು, ಇಳಿಸುವುದು, ಟ್ರಾಲಿ ಎಳೆಯುವುದು ಅವನ ಕೆಲಸ. ಕರದಂಟಿನ ಪೊಟ್ಟಣ ನನ್ನ ಕೈಗಿಟ್ಟು, ಮೊಬೈಲ್ ಮುಂದೆ ಹಿಡಿದ. "ಅಕ್ಕಾರ, ಇದರಾಗ ಏನ್ ಬರದೈತಿ ಸ್ವಲ್ಪ ಓದಿ ಹೇಳ್ರಿ. ನಮ್ಮ ಯೂನಿಯನ್ ಕಂಪನಿ ಕೂಡ ಕರಾರು ಮಾಡೇತಿ."

"ಯಾವಾಗ ಮಾಡಿದರು?"

"ಸಹಿ ಆಗಿ ನಾಕ ತಿಂಗಳಾತ್ರಿ."

ಹನ್ನೊಂದು ಪುಟ, ಪೂರಾ ಇಂಗ್ಲಿಷು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಮೂವತ್ತು ವರ್ಷ ಪಾಠ ಹೇಳಿದವಳು. ನನಗೇ ಎರಡು ಕಡೆ ಶಬ್ದಕೋಶ ತೆಗೆಯಬೇಕಾಯಿತು. ಪಗಾರ ಏರಿದ್ದು ನಿಜ, ಅದು ಮೊದಲ ಪುಟದಲ್ಲೇ ಇತ್ತು. ಮೂರನೆಯ ಪುಟಕ್ಕೆ ಬಂದರೆ, ಹಳೆಯ ಕರಾರು ಮುಗಿದಂದಿನಿಂದ ಹೊಸದು ಆಗುವವರೆಗಿನ ಹನ್ನೊಂದು ತಿಂಗಳ ಹಿಂಬಾಕಿಯನ್ನು ಕಾರ್ಮಿಕರು ಬಿಟ್ಟುಕೊಟ್ಟಿದ್ದರು. ಏಳನೆಯ ಪುಟದಲ್ಲಿ, ಕಂಪನಿ ಯಾವ ಊರಿನ ನಿಲ್ದಾಣಕ್ಕೆ ಹಾಕಿದರೂ ಹೋಗತಕ್ಕದ್ದು ಎಂದಿತ್ತು. ಒಂಬತ್ತನೆಯದರಲ್ಲಿ ರಾತ್ರಿ ಪಾಳಿಯ ಭತ್ಯೆ ಏರಿದ ಪಗಾರದೊಳಗೇ ಸೇರಿಹೋಗಿತ್ತು. ಕರಾರಿನ ಅವಧಿ ನಾಲ್ಕು ವರ್ಷ.

ಹುಡುಗ ಬಹಳ ಹೊತ್ತು ಸುಮ್ಮನೆ ಕುಳಿತ. "ಪಗಾರ ಏರೇತಿ ಅಂತ ಗುಲಾಲ ಹಾರಿಸಿದ್ವಿರಿ" ಎಂದ.

ಆ ಮೇಲೆ ಅವರಲ್ಲೇ ಎರಡು ಪಂಗಡವಾಗಿದೆಯಂತೆ. ಚಹಾದ ಹೊತ್ತಿಗೆ ಟ್ರಾಲಿಗಳ ನಡುವೆ ದಿನಾ ಇದೇ ವಾದ. "ಯೂನಿಯನ್ ಇಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ, ಬಾಯಿ ಮುಚ್ಚಿಕೊಂಡಿರಿ" ಎಂದು ಅರ್ಧ ಜನ. "ಕಾಗದ ಮೊದಲೇ ಯಾಕೆ ತೋರಿಸಲಿಲ್ಲ?" ಎಂದು ಉಳಿದರ್ಧ. ಹೀಗೆ ಕೇಳಿದವರಿಗೆ ಕಂಪನಿಯ ಚೇಲಾಗಳು ಎಂಬ ಹೆಸರು ಬಂದಿದೆ.

ಮುಂದೆ ಒಂದು ಲಗ್ನದಲ್ಲಿ ಆ ಯೂನಿಯನ್ನಿನ ಮುಖಂಡರೊಬ್ಬರು ಸಿಕ್ಕರು, ಹುಕ್ಕೇರಿ ಕಡೆಯವರು. ಕೆಟ್ಟ ಮನುಷ್ಯರಲ್ಲ. ಹುಡುಗರ ಸಲುವಾಗಿ ಅಮಾನತ್ತಾದವರು, ಕೋರ್ಟು ಕಚೇರಿ ಅಲೆದವರು. ನಾನು ವಿಷಯ ತೆಗೆದೆ. ಅವರು ನಕ್ಕು, "ಅಕ್ಕಾರ, ಮಾತುಕತಿ ಅಂದರ ಸಂತಿಯಾಗ ಮಾಡೂದಲ್ರಿ. ನಾವು ಎಲ್ಲಿಗೆ ಇಳೀತೀವಿ ಅನ್ನೂದು ಮೊದಲೇ ಹೊರಗ ಬಿದ್ದರ ಮ್ಯಾನೇಜಮೆಂಟ್ ಅಲ್ಲೇ ಕುಂತು ಬಿಡತೈತಿ. ಮತ್ತ ಇದೆಲ್ಲಾ ಕಾಯ್ದೆದ ಮಾತು, ಹುಡುಗರಿಗೆ ತಿಳಿಯೂದಿಲ್ಲ. ನಮ್ಮ ಮ್ಯಾಲ ವಿಶ್ವಾಸ ಇಡಬೇಕು" ಎಂದರು.

ಮೊದಲನೆಯ ಮಾತನ್ನು ನಾನು ಒಪ್ಪುತ್ತೇನೆ. ಚೌಕಾಶಿ ನಡೆದಿರುವಾಗ ಪ್ರತಿ ಸಂಜೆ ಬಂದು ಎಲ್ಲವನ್ನೂ ಒದರಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಚೌಕಾಶಿ ಮುಗಿದು ಕರಡು ತಯಾರಾದ ಮೇಲೆ ಅದು ಯಾರಿಂದ ಗುಟ್ಟು? ಕಂಪನಿಯ ಮೇಜಿನ ಮೇಲೆ ಅದರ ಪ್ರತಿ ಇದೆ, ಅವರ ವಕೀಲರು ಸಾಲು ಸಾಲು ಓದಿದ್ದಾರೆ. ಅದನ್ನು ನೋಡದವರು ಪೆಟ್ಟಿಗೆ ಹೊರುವವರು ಮಾತ್ರ. ಎದುರಾಳಿಗೆ ಗೊತ್ತಿದ್ದು ನಮ್ಮವರಿಗೆ ಗೊತ್ತಿಲ್ಲದ ಗುಟ್ಟಿನಿಂದ ಕಾರ್ಮಿಕರಿಗೆ ಏನು ಲಾಭ?

ತಿಳಿಯುವುದಿಲ್ಲ ಎಂಬ ಮಾತು ಕೇಳಿದಾಗ ನನ್ನೊಳಗಿನ ಮಾಸ್ತರಿಣಿಗೆ ಸಿಟ್ಟು ಬರುತ್ತದೆ. ತಿಳಿಯದಿದ್ದರೆ ತಿಳಿಸಬೇಕು. ನಮ್ಮ ಓಣಿಯ ಸ್ವಸಹಾಯ ಸಂಘದಲ್ಲಿ ಹದಿನೈದು ಹೆಣ್ಣುಮಕ್ಕಳಿದ್ದಾರೆ. ಅರ್ಧ ಜನ ಹೆಬ್ಬೆಟ್ಟು. ಆದರೂ ಪ್ರತಿ ವಾರ ಠರಾವಿನ ಪುಸ್ತಕ ಓದದೆ ಯಾರೂ ಹೆಬ್ಬೆಟ್ಟು ಒತ್ತುವುದಿಲ್ಲ. ಒಮ್ಮೆ ಬಡ್ಡಿಯ ಲೆಕ್ಕದಲ್ಲಿ ಮೂವತ್ತು ರೂಪಾಯಿ ತಪ್ಪಿದ್ದನ್ನು ಹಿಡಿದವಳು ಅಕ್ಷರವೇ ಬಾರದ ಮುದುಕಿ! ವಾರಕ್ಕೆ ಐವತ್ತು ರೂಪಾಯಿ ತುಂಬುವ ಸಂಘಕ್ಕೆ ಇರುವ ಶಿಸ್ತು ನೂರಾರು ಜನರ ನಾಲ್ಕು ವರ್ಷದ ಅನ್ನದ ಲೆಕ್ಕ ಮಾಡುವ ಸಂಘಕ್ಕೆ ಬೇಡವೇ?

ಇನ್ನು ವಿಶ್ವಾಸ. ಆ ಸಹಿಗೆ ಎಂಥ ಬಲವಿದೆ ಎಂಬುದನ್ನು ಓದುಗರು ನೋಡಬೇಕು. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರನ್ನೂ ಕಟ್ಟಿಹಾಕುತ್ತದೆ ಎಂದು 1947ರ ಔದ್ಯೋಗಿಕ ವಿವಾದಗಳ ಕಾಯ್ದೆಯೇ ಹೇಳಿತ್ತು. ಸಂಘದ ಸದಸ್ಯರಲ್ಲದವರನ್ನೂ, ನಾಳೆ ಕೆಲಸಕ್ಕೆ ಸೇರುವವರನ್ನೂ ಅದು ಬಿಡುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂತು, 2025ರ ನವೆಂಬರ್ 21ರಿಂದ ಜಾರಿಯಾಯಿತು. ಅದರ ಪ್ರಕಾರ ಹಲವು ಸಂಘಗಳಿರುವ ಕಡೆ 51 ಪ್ರತಿಶತ ಕಾರ್ಮಿಕರ ಬೆಂಬಲವಿರುವ ಸಂಘ ಒಂದೇ ಮಾತುಕತೆಗೆ ಕೂಡುತ್ತದೆ. ಉಳಿದ 49 ಮಂದಿಯ ಭವಿಷ್ಯವೂ ಆ ಸಂಘದ ಪೆನ್ನಿನ ತುದಿಯಲ್ಲಿ. ಹೀಗೆ ಸಹಿಯ ಬಲ ಹೆಚ್ಚಿದಷ್ಟೂ ಸಹಿಗೆ ಮೊದಲು ತೋರಿಸುವ ಹೊಣೆಯೂ ಹೆಚ್ಚಬೇಕು. ಸಂಘದ ಲೆಕ್ಕದ ಪುಸ್ತಕವನ್ನು ಸದಸ್ಯ ನೋಡಬಹುದು ಎಂದು 1926ರ ಕಾರ್ಮಿಕ ಸಂಘಗಳ ಕಾಯ್ದೆ ಬ್ರಿಟಿಷರ ಕಾಲದಲ್ಲೇ ಹೇಳಿತ್ತು. ವರ್ಗಣಿಯ ಲೆಕ್ಕ ನೋಡುವ ಹಕ್ಕಿದ್ದವನಿಗೆ ಬಾಳುವೆಯ ಲೆಕ್ಕ ನೋಡುವ ಹಕ್ಕಿಲ್ಲ ಎನ್ನಲು ಬಾಯಿ ಹೇಗೆ ಬರುತ್ತದೆ?

ಕಾಗದ ಕೈಯಲ್ಲಿರುವುದು ಯಾಕೆ ಮುಖ್ಯ ಎಂಬುದಕ್ಕೆ ಎಲ್ಲರೂ ಪತ್ರಿಕೆಯಲ್ಲಿ ಓದಿದ ಒಂದು ಸಂಗತಿ ನೆನಪಿಸುತ್ತೇನೆ. 2025ರ ಮೇ 15ರಂದು ಕೇಂದ್ರ ಸರ್ಕಾರ ತುರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ರದ್ದು ಮಾಡಿತು. ಬೆಂಗಳೂರು, ಮುಂಬಯಿ, ದಿಲ್ಲಿ ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಅದರ ಕೆಲಸವಿತ್ತು. ಸಾವಿರಾರು ಜನ ರಾತ್ರಿ ಬೆಳಗಾಗುವುದರೊಳಗೆ ಧಣಿ ಇಲ್ಲದವರಾದರು. ಈಗಿರುವ ಷರತ್ತುಗಳ ಮೇಲೆಯೇ ಅವರನ್ನು ಬೇರೆ ಏಜೆನ್ಸಿಗಳಿಗೆ ಸೇರಿಸಲಾಗುವುದು ಎಂದು ಮುಂಬಯಿ ನಿಲ್ದಾಣ ನಡೆಸುವವರು ಹೇಳಿಕೆ ಕೊಟ್ಟರು. ಒಳ್ಳೆಯ ಮಾತೇ. ಆದರೆ ನನ್ನ ವಿದ್ಯಾರ್ಥಿಯಂಥವನಿಗೆ ನಾಳೆ ಇದೇ ಪ್ರಸಂಗ ಬಂದರೆ? ಈಗಿರುವ ಷರತ್ತು ಯಾವುದೆಂದೇ ಗೊತ್ತಿಲ್ಲದವನು ಹೊಸ ಧಣಿ ಅದನ್ನು ಮುರಿದಾಗ ಹೇಗೆ ಗುರುತಿಸಬೇಕು? ಕೆಲಸ ಹೋದೀತೆಂಬ ಅಂಜಿಕೆ ಮೊದಲೇ ಇದೆ. 2024ರ ಜುಲೈಯಲ್ಲಿ ಮುಂಬಯಿಯಲ್ಲಿ ಎರಡು ಸಾವಿರದಷ್ಟು ನೆಲದ ಕೆಲಸಗಳಿಗೆ ಎಷ್ಟೋ ಪಟ್ಟು ಹುಡುಗರು ಬಂದು ನೂಕುನುಗ್ಗಲಾದುದನ್ನು ದೇಶವೇ ನೋಡಿತು. ಹೊರಗೆ ಅಷ್ಟು ಜನ ನಿಂತಿರುವಾಗ ಒಳಗಿದ್ದವನಿಗೆ ಆಧಾರವೆಂದರೆ ಆ ಕಾಗದವೇ.

ದೊಡ್ಡ ಸಂಘಗಳಲ್ಲಿ ಇದೆಲ್ಲ ನಡೆಯದು ಎನ್ನುವವರು ಅಮೆರಿಕದ ಕಡೆ ನೋಡಲಿ. ಅಲ್ಲಿ ವಿಮಾನ ಕಟ್ಟುವ ಬೋಯಿಂಗ್ ಕಂಪನಿಯ ಸುಮಾರು 33,000 ಕಾರ್ಮಿಕರ ಮುಖಂಡರು 2024ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷಕ್ಕೆ 25 ಪ್ರತಿಶತ ಏರಿಕೆಯ ಕರಾರು ತಂದು, ಒಪ್ಪಿರೆಂದು ಶಿಫಾರಸು ಮಾಡಿದರು. ಕಾರ್ಮಿಕರು ಓದಿ ಮತ ಹಾಕಿದರು. 94.6 ಪ್ರತಿಶತ ಬೇಡ ಎಂದರು. ಸಂಪು ನಡೆಯಿತು. ಎರಡನೆಯ ಕರಾರನ್ನೂ ತಳ್ಳಿದರು. ನವೆಂಬರಿನಲ್ಲಿ 38 ಪ್ರತಿಶತಕ್ಕೆ ಬಂದಾಗ 59 ಪ್ರತಿಶತ ಮಂದಿ ಒಪ್ಪಿದರು. ಕೇಳಿದ್ದೆಲ್ಲ ಸಿಗಲಿಲ್ಲ, ಹಳೆಯ ಪಿಂಚಣಿ ಮರಳಿ ಬರಲಿಲ್ಲ. ವಾರಗಟ್ಟಲೆ ಪಗಾರವಿಲ್ಲದೆ ಕೂತದ್ದೂ ಹೌದು. ಆದರೆ ಬಿಟ್ಟುಕೊಟ್ಟದ್ದು ಏನೆಂದು ತಿಳಿದೇ ಬಿಟ್ಟುಕೊಟ್ಟರು. ಮುಖಂಡರ ಮರ್ಯಾದೆ ಅದರಿಂದ ಮಣ್ಣುಗೂಡಲಿಲ್ಲ. ಬದಲಿಗೆ ಮುಂದಿನ ಸಲ ಮೇಜಿಗೆ ಕೂತಾಗ, "ಇದನ್ನು ನಮ್ಮ ಜನ ಒಪ್ಪುವುದಿಲ್ಲ" ಎಂದು ಹೇಳುವ ತಾಕತ್ತು ಬಂತು. ಗುಟ್ಟಾಗಿ ಸಹಿ ಮಾಡುವ ಮುಖಂಡನಿಗೆ ಆ ಮಾತು ಹೇಳಲು ಬರುವುದಿಲ್ಲ. ಅವನ ಜನ ಏನನ್ನೂ ತಳ್ಳಿಹಾಕಲಾರರು ಎಂಬುದು ಕಂಪನಿಗೆ ಗೊತ್ತು.

ಬರೀ ಅವರಿವರಿಗೆ ಬುದ್ಧಿ ಹೇಳಿ ಮುಗಿಸಿದರೆ ತಪ್ಪಾದೀತು. ಎಷ್ಟೋ ವರ್ಷದ ಹಿಂದೆ ಶಿಕ್ಷಕರ ಸಭೆಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಬಸ್ಸು ತಪ್ಪೀತೆಂಬ ಅವಸರದಲ್ಲಿ, ಏನೆಂದು ಕೇಳಿಸದ ಠರಾವಿಗೆ ನಾನೂ ಕೈ ಎತ್ತಿದ್ದೇನೆ. ಅದು ಏನಿತ್ತೆಂದು ಮನೆಗೆ ಬಂದ ಮೇಲೂ ಕೇಳಲಿಲ್ಲ. ಮುಖಂಡರು ಮುಚ್ಚಿಡುವುದಕ್ಕೆ ನಮ್ಮಂಥವರ ಸೋಮಾರಿತನವೂ ಕಾರಣ. ಕೇಳುವವರಿಲ್ಲದ ಕಡೆ ಹೇಳುವವರಾದರೂ ಯಾಕೆ ಇರುತ್ತಾರೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸಹಿಗೆ ಒಂದು ವಾರ ಮೊದಲು ಕರಡನ್ನು ಕಾರ್ಮಿಕರು ಓದಬಲ್ಲ ಭಾಷೆಗಳಲ್ಲಿ, ಕನ್ನಡ, ಮರಾಠಿ, ಹಿಂದಿಯಲ್ಲಿ ಹಚ್ಚಿ. ನಾವು ಕೇಳಿದ್ದು ಇಷ್ಟು, ಸಿಕ್ಕಿದ್ದು ಇಷ್ಟು, ಬಿಟ್ಟಿದ್ದು ಇಷ್ಟು ಎಂದು ಮೂರು ಸಾಲು ಮಾಡಿ. ಪ್ರತಿ ಪಾಳಿಗೂ ಒಂದು ಸಭೆ ಕರೆದು ಓದಿ ಹೇಳಿ. ಗುಪ್ತ ಮತ ತೆಗೆದುಕೊಳ್ಳಿ. ಸಹಿಯಾದ ಮೇಲೆ ಪ್ರತಿಯೊಬ್ಬನ ಕೈಗೂ ಪ್ರತಿ ಕೊಡಿ. ಪ್ರಶ್ನೆ ಕೇಳಿದವನನ್ನು ಕಂಪನಿಯ ಚೇಲಾ ಎನ್ನಬೇಡಿ. ಅವನು ಸಂಘವನ್ನು ತನ್ನದೆಂದು ತಿಳಿದದ್ದಕ್ಕೇ ಕೇಳುತ್ತಿದ್ದಾನೆ, ಪರರದೆಂದು ತಿಳಿದವನು ಸುಮ್ಮನೆ ಎದ್ದು ಹೋಗುತ್ತಾನೆ.

ಲಗ್ನದ ಮನೆಯಲ್ಲಿ ಆ ಮುಖಂಡರಿಗೆ ಇಷ್ಟನ್ನೂ ಹೇಳಿದೆ. ಅವರು ಉತ್ತರ ಕೊಡುವಷ್ಟರಲ್ಲಿ ಒಳಗಿನಿಂದ ಯಾರೋ ಅವರನ್ನು ಕೂಗಿದರು. ಯಾದಿಯಲ್ಲಿ ಬರೆದ ಒಂದು ತೊಲೆ ಬಂಗಾರ ಕಡಿಮೆ ಬಂದಿತ್ತಂತೆ. ಅವರು ಗಂಡಿನ ಕಡೆಯ ಹಿರಿಯರು. ಕಿಸೆಯಿಂದ ಯಾದಿಯ ಹಾಳೆ ತೆಗೆದು, ಕನ್ನಡಕ ಏರಿಸಿಕೊಂಡು, ಎಲ್ಲರ ಮುಂದೆ ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು.