ಎಣಿಕೆಯೂ ಯೋಗ್ಯತೆಯೂ

ವಿದ್ವಾಂಸರ ಯೋಗ್ಯತೆಯನ್ನು ಅಳೆಯುವುದಕ್ಕೆ ಈಚೆಗೆ ಒಂದು ಹೊಸ ಕೊಳಗವು ಬಳಕೆಗೆ ಬಂದಿರುವುದು. ಇಂಥವರು ಇಷ್ಟು ಲೇಖನಗಳನ್ನು ಪ್ರಕಟಿಸಿರುವರು, ಅವುಗಳನ್ನು ಇತರರು ಇಷ್ಟು ಸಾವಿರ ಸಲ ಉಲ್ಲೇಖಿಸಿರುವರು ಎಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ. ಈ ಎಣಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ವಿಚಾರಮಾಡುವೆವು.

ಶಾಸ್ತ್ರಜ್ಞನು ಲೇಖನವನ್ನು ಬರೆಯುವಾಗ ತನಗೆ ಆಧಾರವಾದ ಹಿಂದಿನವರ ಲೇಖನಗಳನ್ನು ಹೆಸರಿಸುವುದು ಪದ್ಧತಿ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು ಇಂತಹ ಉಲ್ಲೇಖಗಳಿಗೆ ಒಂದು ಸೂಚಿಯಿರಬೇಕೆಂದು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಹೊರತಂದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಯು ಇನ್ನೊಂದು ಲೆಕ್ಕವನ್ನು ಕಲ್ಪಿಸಿದರು. ಒಬ್ಬನ ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಆತನ ಅಂಕವು 10. ಪತ್ರಿಕೆಗಳಿಗೂ ಒಂದು ಅಂಕವುಂಟು. ಹಿಂದಿನ ಎರಡು ವರ್ಷಗಳಲ್ಲಿ ಅಚ್ಚಾದ ಲೇಖನಗಳು ಈ ವರ್ಷ ಸರಾಸರಿಯಲ್ಲಿ ಎಷ್ಟು ಸಲ ಉಲ್ಲೇಖಗೊಂಡವೆಂಬುದೇ ಅದು.

ಈ ಲೆಕ್ಕಗಳನ್ನು ಒರೆಗೆ ಹಚ್ಚುವುದಕ್ಕೆ ರೋಗನಿರೋಧಶಾಸ್ತ್ರದ ಚರಿತ್ರೆಯಲ್ಲಿ ಒಂದು ಒಳ್ಳೆಯ ದೃಷ್ಟಾಂತವಿರುವುದು. ಕೋಳಿಮರಿಯ ಬಾಲದ ಬುಡದಲ್ಲಿ, ಮಲದ್ವಾರದ ಬಳಿ, ಒಂದು ಸಣ್ಣ ಚೀಲವುಂಟು. ಇಟಲಿಯ ಪಡುವಾ ನಗರದ ಫ್ಯಾಬ್ರೀಷಿಯಸ್ ಎಂಬ ಪಂಡಿತನು ಇದನ್ನು ವರ್ಣಿಸಿದನು. ಆ ಗ್ರಂಥವು ಆತನ ಮರಣಾನಂತರ 1621ರಲ್ಲಿ ಅಚ್ಚಾಯಿತು. ಮುನ್ನೂರು ವರ್ಷಗಳು ಕಳೆದರೂ ಆ ಚೀಲದ ಕೆಲಸವೇನೆಂದು ಯಾರಿಗೂ ತಿಳಿಯಲಿಲ್ಲ.

1950ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾದ ಬ್ರೂಸ್ ಗ್ಲಿಕ್ ಎಂಬವರು ಮರಿಗಳಿಂದ ಆ ಚೀಲವನ್ನು ತೆಗೆದು ನೋಡಿದರು. ಹೇಳತಕ್ಕ ವ್ಯತ್ಯಾಸವೇನೂ ಕಾಣಲಿಲ್ಲ. ಜತೆಯ ವಿದ್ಯಾರ್ಥಿ ಟಿಮೋತಿ ಚಾಂಗ್ ಎಂಬವರಿಗೆ, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ರಕ್ತದಲ್ಲಿ ಹುಟ್ಟುವುದನ್ನು ತರಗತಿಯಲ್ಲಿ ತೋರಿಸಲು ಕೋಳಿಗಳು ಬೇಕಾಗಿದ್ದುವು. ಗ್ಲಿಕ್ಕರಿಂದ ಪಡೆದ ಕೋಳಿಗಳಲ್ಲಿ ಪ್ರಯೋಗವು ಕೈಗೂಡಲಿಲ್ಲ. ವಿಚಾರಿಸಿ ನೋಡಿದಾಗ, ಪ್ರತಿಕಾಯವನ್ನು ಹುಟ್ಟಿಸದೆ ಹೋದವು ಚೀಲವನ್ನು ಕಳೆದುಕೊಂಡ ಕೋಳಿಗಳೇ ಎಂದು ತಿಳಿಯಿತು. ಕೆಟ್ಟುಹೋದ ಪ್ರಯೋಗವೇ ಉತ್ತರವಾಗಿ ಪರಿಣಮಿಸಿತು.

ಅವರು ಬರೆದು ಕಳುಹಿಸಿದ ಲೇಖನವನ್ನು 'ಸೈನ್ಸ್' ಎಂಬ ಪ್ರಖ್ಯಾತ ಪತ್ರಿಕೆಯು ಹಿಂದಿರುಗಿಸಿತು. ಕಡೆಗೆ ಒಂದೆರಡು ಪುಟಗಳ ಆ ಬರೆಹವು 1956ರಲ್ಲಿ, ಕೋಳಿಸಾಕಣೆಯವರು ಓದುವ 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಬೆಳಕು ಕಂಡಿತು. ವೈದ್ಯಲೋಕದವರು ಅದರ ಕಡೆಗೆ ತಿರುಗಿ ನೋಡುವುದಕ್ಕೆ ಹಲವು ವರ್ಷಗಳೇ ಹಿಡಿದುವು. 1965ರಲ್ಲಿ ಮಿನೆಸೋಟದಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು, ರೋಗವನ್ನು ತಡೆಯುವ ಜೀವಕೋಶಗಳಲ್ಲಿ ಎರಡು ಪಂಗಡಗಳುಂಟೆಂದೂ ಪ್ರತಿಕಾಯವನ್ನು ಹುಟ್ಟಿಸುವ ಪಂಗಡವು ಕೋಳಿಗಳಲ್ಲಿ ಈ ಚೀಲವನ್ನೇ ಆಶ್ರಯಿಸಿರುವುದೆಂದೂ ತೋರಿಸಿಕೊಟ್ಟರು. 'ಬರ್ಸಾ' ಎಂಬ ಚೀಲದ ಹೆಸರಿನಿಂದಲೇ ಅವುಗಳಿಗೆ 'ಬಿ' ಕೋಶಗಳೆಂಬ ಹೆಸರು ಬಂದಿತು. ಮನುಷ್ಯನಲ್ಲಿ ಈ ಚೀಲವಿಲ್ಲ; ಆ ಕೋಶಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುವುವು. ನಮ್ಮ ಮಕ್ಕಳಿಗೆ ಹಾಕಿಸುವ ಲಸಿಕೆಗಳು ಫಲ ಕೊಡುವುದು ಬಹುಮಟ್ಟಿಗೆ ಈ ಕೋಶಗಳ ದೆಸೆಯಿಂದ. ಕೂಪರ್ ಅವರಿಗೆ 2019ರಲ್ಲಿ, ಜಾಕ್ ಮಿಲ್ಲರ್ ಅವರೊಡನೆ, ಲಾಸ್ಕರ್ ಪಾರಿತೋಷಕವು ದೊರೆಯಿತು.

ಈಗ ಲೆಕ್ಕಕ್ಕೆ ಬರೋಣ. ಎರಡು ವರ್ಷಗಳ ಅಳತೆಯಿಂದ ನೋಡಿದ್ದರೆ 1956ರ ಆ ಲೇಖನಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಒಬ್ಬನು ಅಂಥದೊಂದನ್ನೇ ಬರೆದು ಸುಮ್ಮನಿದ್ದನೆಂದು ಭಾವಿಸಿರಿ. ಅದನ್ನು ಹತ್ತು ಸಾವಿರ ಮಂದಿ ಉಲ್ಲೇಖಿಸಿದರೂ ಹಿರ್ಷರ ಲೆಕ್ಕದಲ್ಲಿ ಆತನ ಅಂಕವು ಒಂದೇ! ಹಾಗೆಂದು ಎಣಿಕೆಯು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಯಾರ ಕೆಲಸವು ಯಾರಿಗೆ ಊರೆಗೋಲಾಯಿತೆಂದು ಗುರುತಿಸುವುದಕ್ಕೆ ಅದು ಸಹಾಯಕ; ಈ ಕೋಳಿಚೀಲದ ಲೇಖನದ ಹಿರಿಮೆಗೂ ಕಡೆಗೆ ಉಲ್ಲೇಖಗಳೇ ಸಾಕ್ಷಿಯಾದುವು. ಆದರೆ ಎಣಿಕೆಯು ಫಲವನ್ನು ನೋಡಿ ಮರವನ್ನು ಹೇಳಬಲ್ಲುದೇ ಹೊರತು, ಸಸಿಯನ್ನು ನೋಡಿ ಫಲವನ್ನು ಹೇಳಲಾರದು.

ಉದ್ಯೋಗವನ್ನೂ ದ್ರವ್ಯಸಹಾಯವನ್ನೂ ಅಂಕಗಳನ್ನು ನೋಡಿಯೇ ಹಂಚುವುದಾದರೆ, ತರುಣರು ಗಹನವಾದ ಪ್ರಶ್ನೆಗಳನ್ನು ಬಿಟ್ಟು ಬೇಗ ಎಣಿಕೆಗೆ ಸಿಕ್ಕುವ ಕೆಲಸವನ್ನೇ ಹುಡುಕುವರು. ಅದರ ನಷ್ಟವು ಕಡೆಗೆ ರೋಗಿಗಳಿಗೆ ತಟ್ಟುವುದು. ಪತ್ರಿಕೆಯ ಅಂಕದಿಂದ ಲೇಖನದ ಬೆಲೆ ಕಟ್ಟಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ಸಂಪಾದಕರೂ ಪ್ರಕಾಶಕರೂ ಘೋಷಣೆಯೊಂದನ್ನು ಸಿದ್ಧಪಡಿಸಿದುದು ಯುಕ್ತವೇ ಆಗಿರುವುದು.

ಆದುದರಿಂದ ಇನ್ನು ಮುಂದೆ ಯಾರಾದರೂ ಇಂಥ ಸಂಖ್ಯೆಗಳನ್ನು ಮುಂದಿಟ್ಟಾಗ ಗೃಹಸ್ಥರು ಮೂರು ಮಾತುಗಳನ್ನು ಕೇಳಲಿ: ಆತನು ಕಂಡುಹಿಡಿದುದೇನು? ಇತರರು ಅದನ್ನು ಪರೀಕ್ಷಿಸಿ ಒಪ್ಪಿರುವರೇ? ಅದರಿಂದ ತಿಳಿವಳಿಕೆಯಾಗಲಿ ಚಿಕಿತ್ಸೆಯಾಗಲಿ ಮುಂದುವರಿಯಿತೇ? ಇವಕ್ಕೆ ಉತ್ತರ ದೊರೆತ ಮೇಲೆ ಸಂಖ್ಯೆಯನ್ನೂ ಕೇಳಬಹುದು.