ರಮಾ ಎಂಬ ಹೆಸರು

ಹೆಣ್ಣು ಮಗುವಿಗೆ ಹೆಸರಿಡುವ ಸಮಯದಲ್ಲಿ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಕೆಲವರು ಸಂಸ್ಕೃತದ ಹೆಸರುಗಳನ್ನು ದೂರವಿಡುವುದುಂಟು. ಅವು ಅನ್ಯಮತದ ದೇವತೆಗಳ ಹೆಸರುಗಳೆಂಬುದು ಅವರ ಆಕ್ಷೇಪಣೆ. ಇದು ನಿರಾಧಾರವಾದ ಮಾತಲ್ಲ. ಆದರೆ ಇಷ್ಟರಿಂದಲೇ ವಿಚಾರವು ಮುಗಿಯಿತೆಂದು ನಾನು ಒಪ್ಪಲಾರೆನು. ರಮಾ ಎಂಬ ಒಂದು ಹೆಸರನ್ನೇ ನೋಡೋಣ.

ರಮ್ ಎಂಬ ಧಾತುವಿಗೆ ಆನಂದಪಡು ಎಂದರ್ಥ. ರಾಮ, ರಮಣ, ರಮ್ಯ, ರಮಣೀಯ ಇವೆಲ್ಲವೂ ಆ ಒಂದೇ ಬೇರಿನ ಚಿಗುರುಗಳು. ಆನಂದವನ್ನುಂಟುಮಾಡುವವಳು ರಮಾ, ಲಕ್ಷ್ಮಿಗೆ ಈ ಹೆಸರು ಸಂದುದೂ ಈ ಅರ್ಥದಿಂದಲೇ. ಶಬ್ದಮಂಜರಿಯನ್ನು ಓದಿದವರಿಗೆ ಇದರ ಪರಿಚಯವು ಬೇರೊಂದು ಬಗೆಯಿಂದಲೂ ಇರುವುದು. ಆಕಾರಾಂತ ಸ್ತ್ರೀಲಿಂಗ ಶಬ್ದಗಳಿಗೆ ಅಲ್ಲಿ ಮಾದರಿಯಾಗಿರುವುದು ಇದೇ. ರಮಾ, ರಮೇ, ರಮಾಃ ಎಂದು ಗಂಡುಹುಡುಗರು ತಲೆಮಾರುಗಳಿಂದ ಬಾಯಿಪಾಠ ಮಾಡಿದರು. ರಮಾ ಎಂದು ಕರೆಯಿಸಿಕೊಂಡ ಅವರ ಅಕ್ಕತಂಗಿಯರಿಗೆ ಮಾತ್ರ ಬಹುತರವಾಗಿ ಆ ಪಾಠವಿರಲಿಲ್ಲ! ಹೆಸರನ್ನು ಕೊಟ್ಟು ಅರ್ಥವನ್ನು ಬಚ್ಚಿಡುವ ಈ ರೂಢಿಯೇ ನನಗೆ ಹೆಚ್ಚು ಆಕ್ಷೇಪಣೀಯವಾಗಿ ತೋರುವುದು.

ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಈ ರೂಢಿಯನ್ನು ಮುರಿದರು. ಪಂಡಿತರ ವಿರೋಧವನ್ನು ಲೆಕ್ಕಿಸದೆ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿ, ಗಂಗಾಮೂಲದ ಅರಣ್ಯದಲ್ಲಿ ಮನೆಮಾಡಿದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ರಮಾ. ತಾಯಿಯೇ ಆಕೆಗೆ ಗುರುವಾದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಮೆಚ್ಚಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

ಪಂಡಿತಾ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಆಗ ಮೇರಿ ಎಂಬ ಹೆಸರು ಬಂದು ಸೇರಿತು. ರಮಾ ಎಂಬುದು ಬಿಟ್ಟುಹೋಗಲಿಲ್ಲ. ಮತವಿಷಯಗಳಲ್ಲಿ ಸಭೆಯ ಹಿರಿಯರೊಡನೆಯೂ ನಿರ್ಭಯವಾಗಿ ವಾದಿಸಿದವರು ಅವರು. ಅಂಥವರು ದಾಕ್ಷಿಣ್ಯಕ್ಕಾಗಿ ಹೆಸರನ್ನು ಉಳಿಸಿಕೊಂಡರೆಂದು ಹೇಳಲಾಗದು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾಲೆಗೂ ಅವರು ಶಾರದಾ ಸದನವೆಂದೇ ಹೆಸರಿಟ್ಟರು. ಬೈಬಲನ್ನು ಮರಾಠಿಗೆ ತಂದ ಕೈಯೇ ಆ ಹೆಸರನ್ನೂ ಬರೆದುದು.

ಹೀಗಿರಲು, ಎಸ್ತೇರ್ ಎಂದಾಗಲಿ ರಮಾ ಎಂದಾಗಲಿ ಕರೆಯುವುದು ಹೆತ್ತವರ ಇಷ್ಟಕ್ಕೆ ಸೇರಿದುದು. ಆ ಹೆಸರು ಎಲ್ಲಿಂದ ಬಂದಿತು, ಅದರ ಅರ್ಥವೇನು ಎಂಬುದನ್ನು ಮಗಳಿಗೆ ತಿಳಿಸುವ ಹೊಣೆಯಾದರೋ ಇಬ್ಬಗೆಯ ಹೆತ್ತವರಿಗೂ ಒಂದೇ.

ರಮಾಬಾಯಿಯವರ ಏಕಮಾತ್ರ ಪುತ್ರಿಯ ಹೆಸರು ಮನೋರಮಾ. ಮನಸ್ಸಿಗೆ ಆನಂದವನ್ನೀಯುವವಳೆಂದು ಅದರ ಅರ್ಥ. ತಾಯಿಯ ಹೆಸರು ಅದರೊಳಗೇ ಇದೆ. ತಾಯಿಯೊಡನೆ ದೀಕ್ಷಾಸ್ನಾನವಾದಾಗ ಆ ಮಗುವಿನ ಹೆಸರೂ ಹಾಗೆಯೇ ಉಳಿಯಿತು. ಮುಂದೆ ತಾಯಿಯ ಕೆಲಸಕ್ಕೆ ಹೆಗಲುಕೊಟ್ಟ ಆಕೆಯು, ತಾಯಿಗಿಂತ ಮೊದಲೇ, 1921ರಲ್ಲಿ ತೀರಿಕೊಂಡರು.